ಬರ್ಲಿನ್ನಿನಲ್ಲೊಂದು ಸಂಸಾರದ ಪಿಕ್ಚರ್

ಶಿರಾ ಗೇಟ್

ವಿದೇಶಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವು ಎಂದು ಬರೆಯುತ್ತಾರೆ. ನಾನು ಪಶ್ಚಿಮ ಬರ್ಲಿನ್ನಿನಲ್ಲಿ ಹೆಚ್ಚಿನ ಹೊತ್ತು ನೋಡಿದ್ದು ಒಂದು ಕಂದು ಬಣ್ಣದ ಸೂಟ್‌ಕೇಸನ್ನು. ಅದು ಒಂದು ಮನೆಯ ಬಾಗಿಲ ಪಕ್ಕದಲ್ಲಿ, ಚಪ್ಪಲಿ ಸ್ಟ್ಯಾಂಡಿಗೆ ಒರಗಿಕೊಂಡು ನಿಂತಿತ್ತು. ಅದು ನಮ್ಮ ಜೊತೆ ಗುಬ್ಬಿಗೆ ಬರುತ್ತದೋ, ಅಲ್ಲೇ ಉಳಿಯುತ್ತದೋ ಎನ್ನುವುದೇ ನನ್ನ ಇಡೀ ಪ್ರವಾಸ. ಮ್ಯೂಸಿಯಂ, ಅರಮನೆ, ಸರೋವರಗಳ ವಿಷಯ ತಿಳಿಯಬೇಕಾದವರು ಬೇರೆ ಪುಸ್ತಕ ನೋಡಿಕೊಳ್ಳಬೇಕು.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ತುಮಕೂರಿನ ಒಂದು ಕಚೇರಿಯಲ್ಲಿ ಹೆಡ್‌ಕ್ಲರ್ಕು, ಮನೆ ಶಿರಾ ಗೇಟಿನ ಹತ್ತಿರ. ವಯಸ್ಸು ನಲವತ್ತೇಳಾದರೂ ಚಿಂತೆ ಮಾಡುವುದರಲ್ಲಿ ನನ್ನ ಸರ್ವಿಸ್ ಅದಕ್ಕಿಂತ ಹೆಚ್ಚು ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಮನೆಯಿಂದ ಹೊರಟರೆ ಬೀಗ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ವಾಪಸ್ಸು ಬಂದು ಜಗ್ಗಿ ನೋಡುವವನು ನಾನು. ಪಕ್ಕದ ಹಳ್ಳಿ ಕೋರದಾಚೆಗೆ ಬಸ್ಸು ಹೋದರೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರನ್ನು ಕೇಳತೊಡಗುತ್ತೇನೆ. ಅಂಥವನು ವಿಮಾನ ಹತ್ತಿದೆನೆಂದರೆ ಅದಕ್ಕೆ ಕಾರಣ ನನ್ನ ನಾದಿನಿ ವಿಮಲ.

ವಿಮಲ ಸರೋಜಳ ತಂಗಿ. ಅವಳ ಗಂಡ ಚಂದ್ರು ಕುಣಿಗಲ್ಲಿನವನು. ಬರ್ಲಿನ್ನಿನಲ್ಲಿ ಎಲೆಕ್ಟ್ರಿಕ್ ಸಾಮಾನು ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಆದರೆ ಒಳ್ಳೆಯವನು. ಒಂದು ಸಲ ಬಂದು ಹೋಗಿ ಎಂದು ನಮ್ಮಿಬ್ಬರಿಗೂ ಅವನೇ ಟಿಕೆಟ್ ಕಳಿಸಿದ. ಟಿಕೆಟ್ ಬಂದ ಮೇಲೆ, ನಾವು ಹೊರಡುವ ಮುಂಚೆ, ಅತ್ತೆಯ ಊರು ಗುಬ್ಬಿಗೆ ಒಂದು ಟ್ರಂಕ್ ಕಾಲ್ ಬಂತು.

ಗುಬ್ಬಿ

ನಮ್ಮ ಅತ್ತೆಯ ಮನೆಯಲ್ಲಿ ಫೋನಿರಲಿಲ್ಲ. ಎದುರಿನ ತೆಂಗಿನಕಾಯಿ ಮಂಡಿಯಲ್ಲಿತ್ತು. ಸಾಹುಕಾರರು ಅಲ್ಲಿಂದಲೇ ಕೂಗಿ ಕರೆದರೆ ಅತ್ತೆ ಸೆರಗು ಸುತ್ತಿಕೊಂಡು ಓಡುತ್ತಿದ್ದರು. ಸಿ.ಎಸ್. ಪುರದ ಕಡೆಯ ಹೊಲದಲ್ಲಿ ಬೆಳೆದ ದನಿ ಅವರದು. ಫೋನಿಲ್ಲದೆಯೂ ಬರ್ಲಿನ್ನಿಗೆ ಕೇಳಿಸಬಹುದಿತ್ತು. ಆ ದಿನ ವಿಮಲ ಹೇಳಿದ್ದು ಇಷ್ಟೇ ಅಂತೆ: ಅಕ್ಕ ಭಾವ ಬಂದು ವಾಪಸ್ ಹೊರಡುವಾಗ ನಾನೂ ಅವರ ಜೊತೆ ಬಂದುಬಿಡುತ್ತೇನೆ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಯಾಕೆ ಎಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.

ನಾನು ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಚಂದ್ರು ಕಳಿಸಿದ ಟಿಕೆಟ್ಟಿನಲ್ಲಿ ಹೋಗಿ ಅವನ ಹೆಂಡತಿಯನ್ನೇ ಕರೆದುಕೊಂಡು ಬರುವುದು ಯಾವ ನ್ಯಾಯ? ಅತ್ತೆಯ ಮುಂದೆ ಇದನ್ನು ಹೇಳಿದೆ.

"ನೋಡಿ ಅಳಿಯಂದ್ರೆ," ಎಂದರು ಅತ್ತೆ. "ಅವ್ಳು ಅಲ್ಲೇ ನೆಮ್ಮದಿಯಾಗಿ ಇರೋ ಹಂಗೆ ಮಾಡಿ ಬನ್ನಿ. ಆಗ್ಲಿಲ್ವಾ, ಕರ್ಕಂಡೇ ಬನ್ನಿ. ಎರಡ್ರಲ್ಲಿ ಒಂದ್ ಮಾಡಿ. ಬರೀ ಚಿಂತೆ ಮಾಡ್ಕಂಡು ಮಾತ್ರ ವಾಪಸ್ ಬರಬ್ಯಾಡಿ."

ಇಲ್ಲಿ ಗುಬ್ಬಿಯ ಟೆಂಟ್ ಸಿನಿಮಾದ ವಿಷಯ ಒಂದು ಮಾತು ಹೇಳಬೇಕು, ಮುಂದೆ ಬೇಕಾಗುತ್ತದೆ. ನೆಲಕ್ಕೆ ಮರಳು, ಮಧ್ಯದಲ್ಲಿ ಸೊಂಟದೆತ್ತರದ ಮಣ್ಣಿನ ಗೋಡೆ. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ಮದುವೆಯಾದಾಗಿನಿಂದ ನಾನೂ ಸರೋಜಳೂ ನೂರಾರು ಪಿಕ್ಚರ್ ಜೊತೆಗೆ ನೋಡಿದ್ದೇವೆ, ಒಂದನ್ನೂ ಪಕ್ಕದಲ್ಲಿ ಕೂತು ನೋಡಿಲ್ಲ. ಇಂಟರ್ವಲ್ಲಿನಲ್ಲಿ ನಾನು ಗೋಡೆಯ ಮೇಲಿಂದ ಕಡಲೆಕಾಯಿ ಪೊಟ್ಟಣ ದಾಟಿಸುತ್ತಿದ್ದೆ, ಅವಳು ತೆಗೆದುಕೊಳ್ಳುತ್ತಿದ್ದಳು. ನಮ್ಮ ಪ್ರಣಯವೆಲ್ಲ ಅಷ್ಟೇ. ತುಮಕೂರಿನಲ್ಲಿ ಕುರ್ಚಿ ಹಾಕಿದ ಟಾಕೀಸಿಗೆ ಹೋದರೂ ಅವಳ ಕಾಲು ತಾನಾಗಿ ಹೆಂಗಸರ ಕ್ಲಾಸಿನ ಕಡೆ ತಿರುಗುತ್ತಿತ್ತು. ಇನ್ನೊಂದು: ಅತ್ತೆಯ ಮನೆಯಲ್ಲಿ ಗಂಡ ಹೆಂಡಿರು ಯಾರಾದರೂ ಮುನಿಸಿಕೊಂಡರೆ ಪಂಚಾಯಿತಿ ಮಾಡುವ ಪದ್ಧತಿ ಇರಲಿಲ್ಲ. ಇಡೀ ಮನೆಯವರು ಸೇರಿ ಅವರನ್ನು ಒಂದು ಸಂಸಾರದ ಪಿಕ್ಚರಿಗೆ ಕರೆದುಕೊಂಡು ಹೋಗುತ್ತಿದ್ದರು. ಪಿಕ್ಚರಿನಲ್ಲಿ ಹೆಂಡತಿ ಅಳುತ್ತಿದ್ದ ಹಾಗೆ ಗೋಡೆಯ ಈ ಕಡೆ ಇವಳೂ ಅತ್ತು, ಆ ಕಡೆ ಅವನೂ ಮೂಗೊರೆಸಿಕೊಂಡು, ವಾಪಸ್ ಬರುವಾಗ ಸರಿಹೋಗಿರುತ್ತಿತ್ತು.

"ಅಲ್ಲೂ ಟಾಕೀಸ್ ಇರ್ತದಲ್ಲ," ಎಂದರು ಅತ್ತೆ, ಚಟ್ನಿಪುಡಿಯ ಡಬ್ಬಿಯ ಬಾಯಿಗೆ ಬಟ್ಟೆ ಬಿಗಿಯುತ್ತ.

ಫ್ರಾಂಕ್‌ಫರ್ಟ್

ವಿಮಾನದಲ್ಲಿ ನಾನು ನಿದ್ದೆ ಮಾಡಲಿಲ್ಲ. ರೆಕ್ಕೆ ಅಲುಗಾಡುತ್ತಿತ್ತು, ಯಾರಾದರೊಬ್ಬರು ನೋಡಿಕೊಳ್ಳಬೇಕಲ್ಲ. ಸರೋಜ ಕಿಟಕಿಗೆ ತಲೆ ಒರಗಿಸಿ, ಗುಬ್ಬಿಯ ಬಸ್ಸಿನಲ್ಲಿ ಮಲಗಿದಷ್ಟೇ ನಿಶ್ಚಿಂತೆಯಿಂದ ಗೊರಕೆ ಹೊಡೆದಳು.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಾಯಿಸಬೇಕು. ಅಲ್ಲಿ ಕಸ್ಟಮ್ಸಿನ ಒಬ್ಬ ಎತ್ತರದ ಮನುಷ್ಯ ನಮ್ಮ ಬ್ಯಾಗು ಬಿಚ್ಚಿಸಿದ. ಮೊದಲಿಗೇ ಸಿಕ್ಕಿದ್ದು ರಾಗಿಯ ಹುರಿಹಿಟ್ಟಿನ ಗಂಟು. ಅವನು ಬಿಚ್ಚಿದ, ಮೂಸಿದ, ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದ. ಜರ್ಮನಿಯ ಜೈಲಿನಲ್ಲಿ ಮುದ್ದೆ ಕೊಡುತ್ತಾರೋ ಇಲ್ಲವೋ ಎಂಬಲ್ಲಿಯವರೆಗೆ ನನ್ನ ಯೋಚನೆ ಹೋಗಿತ್ತು. ಸರೋಜ ಮುಂದೆ ಬಂದು, ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚಿಟಿಕೆ ತೆಗೆದು, ಮಗುವಿಗೆ ಕೊಡುವಂತೆ ಅವನ ಅಂಗೈಗೆ ಹಾಕಿದಳು. ಅವನು ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡ. ಹುರಿಹಿಟ್ಟನ್ನು ಒಣದಾಗಿ ಬಾಯಿಗೆ ಹಾಕಿಕೊಂಡು ಉಸಿರೆಳೆಯಬಾರದು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವನು ಉಸಿರೆಳೆದ. ಆಮೇಲೆ ಅವನ ಬೆನ್ನು ತಟ್ಟಿ ನೀರು ಕುಡಿಸಿದವಳೂ ಸರೋಜಳೇ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡು, ಹೋಗಿ ಎಂದು ಕೈ ಬೀಸಿಬಿಟ್ಟ. ಬಾಕಿ ಬ್ಯಾಗುಗಳನ್ನು ಮುಟ್ಟಲಿಲ್ಲ.

ನಾಲ್ಕನೇ ಮಹಡಿ

ಚಂದ್ರು ವಿಮಾನ ನಿಲ್ದಾಣಕ್ಕೆ ಬಂದಿದ್ದ. ಭಾವ ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮನೆಗೆ ಹೋಗುವ ದಾರಿಯಲ್ಲಿ ಒಂದು ರಸ್ತೆ ದಾಟಬೇಕಿತ್ತು. ಸಿಗ್ನಲ್ಲಿನ ದೀಪದೊಳಗೆ, ನಿಲ್ಲಿ ಎನ್ನುವ ಒಬ್ಬ ಕೆಂಪು ಮನುಷ್ಯ ನಿಂತಿದ್ದ. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ. ಆದರೂ ಒಬ್ಬಳು ಮುದುಕಿ, ಇಬ್ಬರು ಯುವಕರು, ಒಂದು ನಾಯಿ, ಎಲ್ಲರೂ ಸುಮ್ಮನೆ ನಿಂತಿದ್ದರು. ಶಿರಾ ಗೇಟಿನಲ್ಲಿ ಲಾರಿಗೂ ಎತ್ತಿನ ಗಾಡಿಗೂ ನಡುವೆ ಅಡ್ಡಲಾಗಿ ತೂರಿಕೊಂಡು ಬದುಕಿದ ನನಗೆ ಬರ್ಲಿನ್ನಿನ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಇದು ಚಿಂತೆ ಮಾಡುವವರು ಸೇರಿ ಕಟ್ಟಿದ ಊರು ಎನ್ನಿಸಿತು.

ಮನೆ ನಾಲ್ಕನೇ ಮಹಡಿ. ಬಾಗಿಲು ತೆರೆದರೆ ಎದುರಿಗೇ ಆ ಕಂದು ಸೂಟ್‌ಕೇಸು. ವಿಮಲ ಅಕ್ಕನನ್ನು ತಬ್ಬಿಕೊಂಡು ಅಳಲಿಲ್ಲ, ಅದೇ ನನಗೆ ಹೆದರಿಕೆಯಾಗಿದ್ದು. ಗುಬ್ಬಿಯಲ್ಲಿ ಅವಳ ನಗು ಮಂಡಿಯ ತನಕ ಕೇಳುತ್ತಿತ್ತು. ಇಲ್ಲಿ ಪಿಸುಮಾತಿನಲ್ಲಿ "ಬನ್ನಿ ಭಾವ" ಎಂದಳು. ಚಂದ್ರು ಅವಳ ಕಡೆ ನೋಡದೆ ಅಡುಗೆಮನೆಗೆ ಹೋದ. ಅವಳು ಅವನ ಕಡೆ ನೋಡದೆ ನಮ್ಮ ಕೋಟು ತೆಗೆದಿಟ್ಟಳು. ಒಬ್ಬರನ್ನೊಬ್ಬರು ಮುಟ್ಟದ ಹಾಗೆ, ಒಂದೇ ಹಳಿಯ ಮೇಲೆ ಹೊತ್ತು ಬದಲಿಸಿ ಓಡುವ ಎರಡು ಗಾಡಿಗಳ ಹಾಗೆ ಇಬ್ಬರೂ ಓಡಾಡುತ್ತಿದ್ದರು.

ಕಾರಣ ಏನೆಂದು ಸರೋಜ ಮಾರನೆಯ ದಿನ ಬೆಳಿಗ್ಗೆ, ಚಂದ್ರು ಕಾರ್ಖಾನೆಗೆ ಹೋದ ಮೇಲೆ ತಂಗಿಯಿಂದ ಹೊರಡಿಸಿದಳು. ಹೊಡೆತವಿಲ್ಲ, ಕುಡಿತವಿಲ್ಲ, ಇನ್ನೊಬ್ಬಳಿಲ್ಲ. ನಾನು ವಿಮಾನದಲ್ಲಿ ಯೋಚಿಸಿಟ್ಟುಕೊಂಡಿದ್ದ ಉತ್ತರಗಳೆಲ್ಲ ದಂಡವಾದವು. ಆ ಊರಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರ ತನಕ ಸದ್ದು ಮಾಡಬಾರದು. ರಾತ್ರಿ ಹತ್ತರ ಮೇಲೆ ಮಾಡಬಾರದು. ಭಾನುವಾರವಂತೂ ದಿನವಿಡೀ ಏನನ್ನೂ ಕುಟ್ಟಬಾರದು. ವಿಮಲ ಒರಳಿನಲ್ಲಿ ಏನಾದರೂ ಕುಟ್ಟಿದರೆ, ಜೋರಾಗಿ ನಕ್ಕರೆ, ಕೆಳಗಿನ ಮನೆಯ ಮುದುಕಿ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ ತಟ್ಟುತ್ತಾಳೆ. ಚಂದ್ರು ಮೊದಲು ಕುಟ್ಟಬೇಡ ಎಂದ. ಆಮೇಲೆ ನಗಬೇಡ ಎಂದ. ಆಮೇಲೆ ಜಗಳಕ್ಕೆ ಬಂದರೆ ಮೆಲ್ಲಗೆ ಎಂದ.

"ಮೆಲ್ಲಗೆ ಹೆಂಗಕ್ಕ ಜಗಳ ಆಡೋದು?" ಎಂದಳಂತೆ ವಿಮಲ. "ಅದಕ್ಕೇ ಮಾತೇ ಬಿಟ್ಟೆ. ಅವರೂ ಬಿಟ್ರು."

ಹೀಗೆ ಮಾತು ಬಿಟ್ಟು ಚಳಿಗಾಲ ಕಳೆದು ಬೇಸಿಗೆ ಬಂದಿತ್ತು. ನನಗೆ ಪರಿಹಾರ ಹೊಳೆಯಲಿಲ್ಲ. ಹೋಗುತ್ತ ಬರುತ್ತ ಸೂಟ್‌ಕೇಸನ್ನು ಕಾಲಲ್ಲಿ ಮೆಲ್ಲಗೆ ತಳ್ಳಿ ನೋಡುತ್ತಿದ್ದೆ. ಭಾರವಾಗಿತ್ತು.

ಟಾಕೀಸು

ಸಂಜೆಯ ವಾಕಿಂಗ್ ಹೋದಾಗ ಪೋಸ್ಟರನ್ನು ಕಂಡವನು ನಾನು. ಹಳೆಯ ಚಿತ್ರಗಳನ್ನೇ ಮತ್ತೆ ಹಾಕುವ ಒಂದು ಚಿಕ್ಕ ಟಾಕೀಸು, ನಮ್ಮ ಬೀದಿಯ ಹಿಂದೆಯೇ. ಪೋಸ್ಟರಿನಲ್ಲಿ ಗಂಡ, ಹೆಂಡತಿ ಊಟದ ಮೇಜಿನ ಎದುರುಬದುರು ಕೂತಿದ್ದರು. ಮೇಲೊಂದು ದೀಪ, ಹಿಂದೊಂದು ಮುಚ್ಚಿದ ಬಾಗಿಲು, ಮೇಜಿನ ಮೇಲೆ ಸೂಪು. ಇದಕ್ಕಿಂತ ಅಪ್ಪಟ ಸಂಸಾರದ ಪಿಕ್ಚರ್ ಬೇಕೆ? ಮನೆಗೆ ಬಂದು ಸರೋಜಳಿಗೆ ಹೇಳಿದೆ. ಅಮ್ಮನ ಔಷಧಿ ಎಂದು ಅವಳೂ ಒಪ್ಪಿದಳು. ಶನಿವಾರ ಮಧ್ಯಾಹ್ನ ಚಂದ್ರುವಿಗೆ ರಜ. ನಾಲ್ವರೂ ಹೊರಟೆವು.

ಟಾಕೀಸಿನ ಬಾಗಿಲಲ್ಲಿ ಚಂದ್ರು ಪೋಸ್ಟರಿನ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ ನಿಂತ. "ಭಾವ, ಇದು..." ಎಂದ. "ನೋಡಿದೀನಪ್ಪ, ಸಂಸಾರದ್ದು," ಎಂದೆ ನಾನು. ಹಿರಿಯ ಷಡ್ಡಕನಿಗೆ ಎದುರು ಮಾತಾಡುವ ಅಭ್ಯಾಸ ಕುಣಿಗಲ್ಲಿನವರಿಗಿಲ್ಲ. ಹೋಗಿ ಟಿಕೆಟ್ ತಂದ.

ಒಳಗೆ ಏಳೆಂಟು ಜನ ಇದ್ದಿರಬೇಕು. ಮಧ್ಯೆ ಓಡಾಡುವ ದಾರಿ, ಎರಡೂ ಕಡೆ ಕುರ್ಚಿ. ಸರೋಜ ಯೋಚನೆಯನ್ನೇ ಮಾಡದೆ ತಂಗಿಯ ಕೈ ಹಿಡಿದು ಎಡಗಡೆ ಹೋಗಿ ಕೂತಳು. ನಾನೂ ಯೋಚನೆ ಮಾಡದೆ ಚಂದ್ರುವನ್ನು ಎಳೆದುಕೊಂಡು ಬಲಗಡೆ ಕೂತೆ. ಟಿಕೆಟ್ ಹರಿಯುವ ಅಜ್ಜಿ ಬಂದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿ ಚಂದ್ರುವಿಗೆ ಏನೋ ಹೇಳಿದಳು. ಅವನ ಕಿವಿ ಕೆಂಪಾಯಿತು. ಏನಂದಳು ಎಂದು ಕೇಳಿದರೆ, ಏನಿಲ್ಲ ಭಾವ ಎಂದ.

ಬೆಳಕು ಆರಿತು. ಕಪ್ಪು ಬಿಳುಪು ಚಿತ್ರ. ಒಂದು ದೊಡ್ಡ ಮನೆ, ಬೇಕಾದಷ್ಟು ಬಾಗಿಲು. ಗಂಡ ಹೆಂಡತಿ ಒಂದು ರಾತ್ರಿ ಮಾತಾಡದೆ ಮಲಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಒಂದು ಬಾಗಿಲು ಇಲ್ಲ. ಅಲ್ಲಿ ಬರೀ ಗೋಡೆ. ಅವರಿಬ್ಬರೂ ಅದನ್ನು ಗಮನಿಸಿಯೂ ಒಬ್ಬರಿಗೊಬ್ಬರು ಹೇಳುವುದಿಲ್ಲ. ಮರುದಿನ ಇನ್ನೊಂದು ಬಾಗಿಲು ಇಲ್ಲ. ಗೋಡೆಯ ಒಳಗಿನಿಂದ ಯಾರೋ ಉಗುರಿನಲ್ಲಿ ಕೆರೆಯುವ ಸದ್ದು. ನಗು ಬರುವ ಜಾಗವನ್ನು ನಾನು ಕಾಯುತ್ತಿದ್ದೆ. ಮಾವನ ಪಾತ್ರದವನೋ, ಎಡವಟ್ಟು ಆಳೋ ಬರಬೇಕಿತ್ತು. ಬರಲಿಲ್ಲ. ಬೆವರು ಬಂತು.

ಆಗ ಅರ್ಥವಾಯಿತು. ಸಂಸಾರ ಮುರಿಯುವ ದೆವ್ವದ ಪಿಕ್ಚರಿಗೆ, ಸಂಸಾರ ಮುರಿಯುತ್ತಿರುವವರನ್ನು ಕೈಹಿಡಿದು ಕರೆತಂದವನು ನಾನು. ಅದೂ ದೆವ್ವವೇ ಇಲ್ಲದ ದೆವ್ವದ ಪಿಕ್ಚರು. ದೆವ್ವ ಇದ್ದಿದ್ದರೆ ತಪ್ಪನ್ನು ಅದರ ಮೇಲೆ ಹಾಕಬಹುದಿತ್ತು. ಇಂಟರ್ವಲ್ ಬರಲಿ, ತಲೆನೋವು ಎಂದು ಹೇಳಿ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗಿಬಿಡೋಣ ಎಂದು ನಿರ್ಧರಿಸಿದೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕುರ್ಚಿಯ ತುದಿಯಲ್ಲಿ ಕೂತೆ. ಆ ದೇಶದಲ್ಲಿ ಇಂಟರ್ವಲ್ ಕೊಡುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ಎಡಗಡೆಯಿಂದ ಸರೋಜಳ ದನಿ ಕೇಳುತ್ತಿತ್ತು. ಗುಬ್ಬಿಯ ಟೆಂಟಿನಲ್ಲಿ ಅಕ್ಕಪಕ್ಕದವರಿಗೆ ಕಥೆ ಬಿಡಿಸಿ ಹೇಳುವವಳು ಅವಳೇ. ಭಾಷೆ ಬಾರದಿದ್ದರೂ ಆ ಕೆಲಸ ನಿಲ್ಲಿಸಿರಲಿಲ್ಲ. ಗೋಡೆಯೊಳಗೆ ಇರುವುದು ಅತ್ತೆ, ಊಟ ಹಾಕದೆ ಕೂಡಿಹಾಕಿದ್ದಾರೆ, ಅದಕ್ಕೇ ಕೆರೆಯುತ್ತಿದ್ದಾಳೆ ಎಂದು ತಂಗಿಗೆ ವಿವರಿಸುತ್ತಿದ್ದಳು. ಮುಂದಿನ ಸಾಲಿನ ಗಡ್ಡದವನು ತಿರುಗಿ ಶ್ ಎಂದ. ಸರೋಜ ಅವನಿಗೂ ಸ್ವಲ್ಪ ವಿವರಿಸಿದಳು.

ನಾನು ಚಂದ್ರುವಿನ ಕಡೆ ಬಾಗಿ, ಆ ಗಂಡ ಏನು ಹೇಳುತ್ತಿದ್ದಾನೆ ಎಂದು ಕೇಳಿದೆ.

"ನೀನು ನನ್ನ ಜೊತೆ ಮಾತಾಡಿ ಎಷ್ಟು ದಿನ ಆಯ್ತು ಅಂತವ್ನೆ," ಎಂದ ಚಂದ್ರು.

"ಅವಳು?"

"ನೀವು ಕೇಳಿ ಎಷ್ಟು ದಿನ ಆಯ್ತು ಅಂತವ್ಳೆ."

"ಆಮೇಲೆ?"

"ಆಮೇಲೆ ಏನೂ ಇಲ್ಲ ಭಾವ."

ತೆರೆಯ ಮೇಲೆ ಇಬ್ಬರೂ ಒಂದೇ ಸಮನೆ ಮಾತಾಡುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ.

ಆಗ ಯಾರೋ ನನ್ನ ಭುಜ ತಟ್ಟಿದರು. ನೋಡಿದರೆ ಸರೋಜ, ದಾರಿ ದಾಟಿ ಬಂದು ನಿಂತಿದ್ದಾಳೆ.

"ಆ ಕಡೆ ಸರೀರಿ," ಎಂದಳು. "ನಂಗೆ ಭಯ ಆಯ್ತದೆ."

"ಇದು ಗಂಡಸರ ಕಡೆ ಕಣೇ," ಎಂದುಬಿಟ್ಟೆ. ಬಾಯಿಗೆ ಬಂದದ್ದೇ ಅದು.

ಅವಳು ಕೂತೇಬಿಟ್ಟಳು. ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹೀಗೆ ಮದುವೆಯಾದ ಇಷ್ಟು ವರ್ಷದ ಮೇಲೆ, ಸಮುದ್ರ ದಾಟಿ ಬಂದು, ನಾನೂ ನನ್ನ ಹೆಂಡತಿಯೂ ಮೊದಲ ಸಲ ಪಕ್ಕದಲ್ಲಿ ಕೂತು ಪಿಕ್ಚರ್ ನೋಡಿದೆವು. ಚಿತ್ರದಲ್ಲಿ ಇನ್ನೊಂದು ಬಾಗಿಲು ಹೋಯಿತು. ನನಗೆ, ಹೇಳಬಾರದು, ಖುಷಿಯಾಗುತ್ತಿತ್ತು.

ಆದರೆ ಎಡಗಡೆಯಲ್ಲಿ ವಿಮಲ ಒಬ್ಬಳೇ ಆಗಿದ್ದಳು. ಕಾಲು ಕುರ್ಚಿಯ ಮೇಲಿಟ್ಟುಕೊಂಡು, ಸೆರಗಿನ ತುದಿ ಬಾಯಿಗೆ ಹಿಡಿದು ಕೂತಿದ್ದಳು. ಚಂದ್ರು ತೆರೆಯನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ. ಹೋಗಪ್ಪ ಎಂದು ಹೇಳೋಣವೆಂದುಕೊಂಡೆ. ಹೇಳಿದರೆ ಹಿರಿಯರು ಹೇಳಿದರೆಂದು ಹೋದ ಹಾಗಾಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡೆ. ಬಹಳ ಹೊತ್ತಾದ ಮೇಲೆ ಅವನು ಎದ್ದ. ಹೊರಗೆ ಹೋಗುತ್ತಿದ್ದಾನೆ, ಕೆಲಸ ಕೆಟ್ಟಿತು ಎಂದುಕೊಂಡೆ. ತೆರೆ ಮತ್ತೆ ಬೆಳ್ಳಗಾದಾಗ ಎಡಗಡೆ ಎರಡು ತಲೆ ಕಂಡವು, ಮಧ್ಯೆ ಒಂದು ಖಾಲಿ ಕುರ್ಚಿ.

ಚಿತ್ರದ ಕೊನೆಗೆ ಮನೆಯಲ್ಲಿ ಒಂದೂ ಬಾಗಿಲು ಉಳಿಯುವುದಿಲ್ಲ. ಗೋಡೆಯ ಆ ಕಡೆ ಅವಳು, ಈ ಕಡೆ ಅವನು. ಆಗ ಇಬ್ಬರೂ ಕಿರುಚತೊಡಗುತ್ತಾರೆ. ಎಷ್ಟು ಕಿರುಚುತ್ತಾರೆಂದರೆ ನಾನು ಕಿವಿ ಮುಚ್ಚಿಕೊಂಡೆ. ದೀಪ ಹತ್ತಿತು. ಇಷ್ಟೆಯಾ ಎಂದು ಸರೋಜ ಕೇಳಿದಳು. ಗೋಡೆಯೊಳಗಿನ ಅತ್ತೆಯನ್ನು ಹೊರಗೆ ಬಿಡಲಿಲ್ಲವಲ್ಲ ಎಂದು ಅವಳಿಗೆ ಇವತ್ತಿಗೂ ಬೇಜಾರು.

ಗೋಡೆ

ಹೊರಗೆ ಬಂದರೆ ಬಿಸಿಲು. ಅಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗಲು ಬೇಜಾರು ಮಾಡಿಕೊಳ್ಳುತ್ತದೆ. ನಾಲ್ವರೂ ನಡೆದೆವು. ನಾನು ಮನಸ್ಸಿನಲ್ಲೇ ಅತ್ತೆಗೆ ಸಮಾಧಾನದ ಮಾತು ಜೋಡಿಸುತ್ತಿದ್ದೆ. ಹಾಗೇ ಹೋಗುತ್ತ ರಸ್ತೆ ಮುಗಿಯಿತು. ಊರನ್ನು ಎರಡು ಮಾಡಿದ ಆ ಪ್ರಸಿದ್ಧ ಗೋಡೆ ಅಲ್ಲಿ ಅಡ್ಡ ನಿಂತಿತ್ತು. ಈ ಕಡೆ ಮುಖಕ್ಕೆಲ್ಲ ಬಣ್ಣದ ಗೀಚು, ಆ ಕಡೆ ಒಂದು ಎತ್ತರದ ಕಾವಲು ಗೋಪುರ. ಸುತ್ತ ಮನೆಗಳಿಲ್ಲ, ಹುಲ್ಲು ಬೆಳೆದಿತ್ತು.

ವಿಮಲ ಅಲ್ಲಿ ನಿಂತಳು. ಗೋಡೆಯ ಕಡೆ ನೋಡುತ್ತ, ಚಂದ್ರುವಿಗೆ ಕೇಳುವ ಹಾಗೆ, "ಕೊನೇಲಾದ್ರೂ ಬಾಯಿ ಬಿಟ್ಟು ಕೂಗಿದ್ರಲ್ಲ," ಎಂದಳು. "ನಾವು ಅದನ್ನೂ ಮಾಡ್ಲಿಲ್ಲ."

"ಇಲ್ಲಿ ಬ್ಯಾಡ ಕಣೇ," ಎಂದ ಚಂದ್ರು.

"ಇಲ್ಲಿ ಯಾರವ್ರೆ? ಇಲ್ಲೂ ಬ್ಯಾಡ್ವಾ?"

ಆಮೇಲೆ ಬಂತು. ಚಳಿಗಾಲದಿಂದ ಕೂಡಿಟ್ಟಿದ್ದೆಲ್ಲ ಗುಬ್ಬಿಯ ದನಿಯಲ್ಲಿ ಹೊರಗೆ ಬಂತು. ಒರಳಿನಿಂದ ಶುರುವಾಗಿ, ಅವನು ಮರೆತ ಹಬ್ಬ, ಅವಳು ಸುಟ್ಟ ಷರಟು, ಅವನ ಅಕ್ಕ ಕುಣಿಗಲ್ಲಿನಲ್ಲಿ ಮದುವೆಯ ದಿನ ಆಡಿದ ಮಾತು, ಎಲ್ಲವೂ. ಚಂದ್ರು ಮೊದಲು ಮೆಲ್ಲಗೆ ಉತ್ತರ ಕೊಡುತ್ತಿದ್ದ. ಆಮೇಲೆ ಅವನ ಕುಣಿಗಲ್ಲೂ ಹೊರಗೆ ಬಂತು. ಅವನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಡುವೆ ಹೋಗಿ ಬಿಡಿಸೋಣ ಎಂದು ಎರಡು ಹೆಜ್ಜೆ ಇಟ್ಟೆ. ಸರೋಜ ನನ್ನ ಅಂಗಿ ಹಿಡಿದು ಎಳೆದು ಒಂದು ಕಲ್ಲಿನ ಮೇಲೆ ಕೂರಿಸಿದಳು. ಬ್ಯಾಗಿನಿಂದ ಕಡಲೆಕಾಯಿ ತೆಗೆದು ಕೊಟ್ಟಳು. ಇಂಟರ್ವಲ್ಲಿಗೆಂದು ತಂದಿದ್ದಳಂತೆ, ಪಾಪ.

ಗೋಪುರದ ಮೇಲೆ ಆ ಕಡೆಯ ಒಬ್ಬ ಎಳೆಯ ಸೈನಿಕ ದುರ್ಬೀನು ಹಿಡಿದು ನಮ್ಮನ್ನೇ ನೋಡುತ್ತಿದ್ದ. ನನಗೆ ಎರಡನೆಯ ಚಿಂತೆ ಶುರುವಾಯಿತು. ಇವನು ಗುಂಡು ಹಾರಿಸಿದರೆ? ಇದು ಕನ್ನಡ, ಗೂಢಚಾರರ ಭಾಷೆ ಅಲ್ಲ ಎಂದು ಅವನಿಗೆ ಹೇಗೆ ಹೇಳುವುದು? ಸರೋಜ ಮಾತ್ರ, ಪಾಪ ಬಿಸಿಲಲ್ಲಿ ಒಬ್ಬನೇ ನಿಂತವ್ನೆ ಎಂದು ಅವನಿಗೆ ಕೈ ಬೀಸಿದಳು. ಅವನು ದುರ್ಬೀನು ಇಳಿಸಿದ. ಅತ್ತಿತ್ತ ನೋಡಿದ. ಕೈಯನ್ನು ಅರ್ಧ ಎತ್ತಿ, ತಲೆ ಕೆರೆದುಕೊಳ್ಳುವವನ ಹಾಗೆ ಮಾಡಿ ಇಳಿಸಿದ. ಮತ್ತೆ ದುರ್ಬೀನು ಎತ್ತಿದ. ಅವನಿಗೂ ಬೇರೆ ಪಿಕ್ಚರ್ ಇರಲಿಲ್ಲವೆಂದು ಕಾಣುತ್ತದೆ.

"ಆ ಯಮ್ಮ ಪೊರಕೇಲಿ ತಟ್ಟಿದ್ಲು ಅಂತ ನನ್ನ ಬಾಯಿ ಮುಚ್ಚಿಸಿದ್ರಲ್ಲ," ಎನ್ನುತ್ತಿದ್ದಳು ವಿಮಲ. "ಒಂದ್ ಸಲಾನಾದ್ರೂ ಕೆಳಗಿಳಿದು ಹೋಗಿ, ನನ್ನ ಹೆಂಡ್ತಿ ನಗ್ತಾವ್ಳೆ, ಏನೀವಾಗ ಅಂತ ಕೇಳಿದ್ರಾ?"

ಚಂದ್ರು ಗೋಡೆಗೆ ಬೆನ್ನು ಕೊಟ್ಟು ನಿಂತ.

"ನೀನು ಆ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿ ಇಟ್ಟಾಗಿಂದ," ಎಂದ, "ನಾನು ಮನೆಗೆ ಬಂದು ಬೀಗ ತೆಗ್ದು ಮೊದ್ಲು ಅದು ಅಲ್ಲೇ ಇದ್ಯಾ ಅಂತ ನೋಡ್ತೀನಿ ಕಣೇ. ದಿನಾ."

ವಿಮಲ ಸಣ್ಣಗೆ, "ಅದನ್ನ ಹೇಳೋಕೇನಾಗಿತ್ತು?" ಎಂದಳು.

ನಾವು ಕಡಲೆಕಾಯಿ ಸಿಪ್ಪೆಯನ್ನು ಜೇಬಿಗೆ ತುಂಬಿಕೊಂಡು, ಆ ಊರಲ್ಲಿ ಕೆಳಗೆ ಹಾಕಬಾರದಲ್ಲ, ಸ್ವಲ್ಪ ಹಿಂದೆ ಉಳಿದು ನಡೆದೆವು. ಮುಂದೆ ಅವರಿಬ್ಬರೂ ಇನ್ನೂ ವಾದ ಮಾಡುತ್ತಲೇ ಹೋಗುತ್ತಿದ್ದರು. ಸಿಗ್ನಲ್ಲಿಗೆ ಬಂದಾಗ ಕೆಂಪು ಮನುಷ್ಯ ಹೋಗಿ ಹಸಿರು ಮನುಷ್ಯ ಬಂದ. ಕಾದವರೆಲ್ಲ ದಾಟಿದರು. ಇವರು ದಾಟಲಿಲ್ಲ. ಅವನು ಏನೋ ಹೇಳಿದ್ದಕ್ಕೆ ಅವಳು ತಿರುಗಿ ಇನ್ನೇನೋ ಹೇಳುತ್ತಿದ್ದಳು. ಹಸಿರು ಮನುಷ್ಯ ಹೋಗಿ ಬಂದು, ಹೋಗಿ ಬಂದು ಮಾಡಿದ. ನಾವು ಹಿಂದೆ ನಿಂತು ಕಾದೆವು.

ಭಾನುವಾರ

ಮರುದಿನ ಊಟಕ್ಕೆ ಕೂತಾಗ ಸರೋಜ ಕಸ್ಟಮ್ಸಿನವನು ಹುರಿಹಿಟ್ಟು ತಿಂದ ಕಥೆ ಹೇಳಿ, ಅವನು ಕೆಮ್ಮಿದ್ದನ್ನು ಮಾಡಿ ತೋರಿಸಿದಳು. ವಿಮಲ ನಕ್ಕಳು. ಗುಬ್ಬಿಯ ಮಂಡಿಗೆ ಕೇಳುವ ನಗು. ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಕೆಳಗಿನಿಂದ ಟಕ್ ಟಕ್ ಎಂದು ಪೊರಕೆ ತಟ್ಟಿತು. ಎಲ್ಲರೂ ಚಂದ್ರುವಿನ ಮುಖ ನೋಡಿದೆವು. ಅವನು ಕೈ ತೊಳೆದುಕೊಂಡು, ಷರಟಿನ ಗುಂಡಿ ಹಾಕಿಕೊಂಡು, ಕೆಳಗಿಳಿದು ಹೋದ. ನಾನು ಮೆಟ್ಟಿಲ ತುದಿಯಲ್ಲಿ ನಿಂತು ಕಿವಿಗೊಟ್ಟೆ. ಪೊಲೀಸರು ಬಂದರೆ ಪಾಸ್‌ಪೋರ್ಟು ಎಲ್ಲಿಟ್ಟಿದ್ದೇನೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಚಂದ್ರು ವಾಪಸ್ ಬಂದು ಕೂತು ಮತ್ತೆ ಅನ್ನ ಕಲಸಿದ.

"ಏನಂದ್ರಿ?" ಎಂದಳು ವಿಮಲ.

"ನೀನು ಹೇಳ್ಕೊಟ್ಟಿದ್ದನ್ನೇ. ನನ್ನ ಹೆಂಡ್ತಿ ನಗ್ತಾವ್ಳೆ ಅಂದೆ."

"ಅದಕ್ಕೆ ಆ ಯಮ್ಮ?"

"ಮೂರು ಗಂಟೆ ಮೇಲೆ ನಗ್ಲಿ ಅಂದ್ಲು."

ಆಮೇಲೆ ನಾಲ್ವರೂ ಬಾಯಿಗೆ ಟವಲು ಹಿಡಿದುಕೊಂಡು ಮೂರು ಗಂಟೆಯ ತನಕ ಕಷ್ಟಪಟ್ಟೆವು. ಟಾಕೀಸಿನ ಅಜ್ಜಿ ಏನು ಹೇಳಿದ್ದಳು ಎಂದು ಚಂದ್ರು ಬಾಯಿ ಬಿಟ್ಟದ್ದೂ ಆಗಲೇ: ಎರಡು ಜೋಡಿಯೂ ಈಗಲೇ ಮುನಿಸಿಕೊಂಡು ದೂರ ಕೂತಿದ್ದೀರಿ, ಇನ್ನು ಪಿಕ್ಚರ್ ಯಾಕೆ ನೋಡುತ್ತೀರಿ, ಎಂದಳಂತೆ.

ವಿಮಾನ ನಿಲ್ದಾಣ

ಇಷ್ಟಾದರೂ ಸೂಟ್‌ಕೇಸು ಇದ್ದಲ್ಲೇ ಇತ್ತು. ಯಾರೂ ಅದನ್ನು ತೆಗೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ, ನಾನು ಕೇಳಲಿಲ್ಲ. ಕೇಳಿ ಬೇಡದ ಉತ್ತರ ಬಂದರೆ? ನಾವು ಹೊರಡುವ ಬೆಳಿಗ್ಗೆ ಚಂದ್ರು ಅದನ್ನು ಎತ್ತಿಕೊಂಡು ಕೆಳಗಿಳಿದ. ನನ್ನ ಹೊಟ್ಟೆಯೂ ಅದರ ಜೊತೆ ನಾಲ್ಕು ಮಹಡಿ ಇಳಿಯಿತು. ವಿಮಲ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆಯ ಬದಲು ಯಾವುದೋ ಗುಲಾಬಿ ಮುಡಿದು ಹಿಂದೆ ಬಂದಳು. ಟ್ಯಾಕ್ಸಿಯಲ್ಲಿ ಎಲ್ಲರೂ ಹರಟೆ ಹೊಡೆದರು. ಎಷ್ಟು ಸಮಾಧಾನವಾಗಿ ಬೇರೆಯಾಗುತ್ತಿದ್ದಾರಲ್ಲ, ಪರದೇಶದ ನೀರು ಎಂದುಕೊಂಡೆ. ಅವಳ ಟಿಕೆಟ್ ಯಾವಾಗ ತೆಗೆದರೋ, ನನ್ನ ಪಕ್ಕದಲ್ಲಿ ಕೂತರೆ ದಾರಿಯುದ್ದಕ್ಕೂ ಏನು ಹೇಳಿ ಸಮಾಧಾನ ಮಾಡುವುದೋ ಎಂದು ಕಣ್ಣು ಮುಚ್ಚಿಕೊಂಡೆ.

ಕೌಂಟರಿನ ಮುಂದೆ ಚಂದ್ರು ಸೂಟ್‌ಕೇಸನ್ನು ನನ್ನ ಕಾಲ ಹತ್ತಿರ ಇಟ್ಟ.

"ಭಾವ, ಹುಷಾರು," ಎಂದಳು ವಿಮಲ. "ಅಮ್ಮಂಗೆ ಗಾಜಿನ ಜಾಡಿ ಐತೆ ಒಳಗೆ. ಉಲ್ಲನ್ ಶಾಲಲ್ಲಿ ಸುತ್ತಿದೀನಿ."

"ನೀನು?" ಎಂದೆ.

"ನಾನೇನು?"

"ಬರಲ್ವಾ?"

ಅವಳು ಅಕ್ಕನ ಮುಖ ನೋಡಿದಳು. ತನ್ನ ಬಟ್ಟೆಗಳನ್ನೆಲ್ಲ ಭಾನುವಾರವೇ ಬೀರುವಿಗೆ ವಾಪಸ್ ಜೋಡಿಸಿ, ಖಾಲಿ ಪೆಟ್ಟಿಗೆಗೆ ಅಮ್ಮನ ಸಾಮಾನು ತುಂಬಿದ್ದಳಂತೆ. ಸರೋಜ ಕೂತು ಮಡಿಚಿಕೊಟ್ಟಿದ್ದಳಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ವಿಮಾನದಲ್ಲಿ ಕೇಳಿದೆ.

"ಹೇಳಿದ್ರೆ ಜಾಡಿ ಒಡೆದೋಗ್ತದೆ ಅಂತ ಅವತ್ತಿಂದ್ಲೇ ಚಿಂತೆ ಮಾಡ್ತಿದ್ರಿ," ಎಂದು ಹೇಳಿ, ಕಿಟಕಿಯ ಕಡೆ ಅಲ್ಲ, ನನ್ನ ಭುಜಕ್ಕೆ ತಲೆ ಒರಗಿಸಿ ಮಲಗಿದಳು. ರೆಕ್ಕೆ ಅಲುಗಾಡುತ್ತಿತ್ತು. ನಾನು ಜಾಡಿಯ ಚಿಂತೆ ಶುರುಮಾಡಿದ್ದೆನಾದ್ದರಿಂದ ಅದರ ಕಡೆ ನೋಡಲಿಲ್ಲ.

ಮತ್ತೆ ಗುಬ್ಬಿ

ಮಗಳ ಸೂಟ್‌ಕೇಸು ಜಟಕಾದಿಂದ ಇಳಿದದ್ದನ್ನು ನೋಡಿ ಅತ್ತೆ ಜಗಲಿಯ ಕಂಬ ಹಿಡಿದುಕೊಂಡರು. ಹಿಂದೆ ಮಗಳು ಇಳಿಯಲಿಲ್ಲ. ಪೆಟ್ಟಿಗೆ ಬಿಚ್ಚಿ ಜಾಡಿ ತೋರಿಸಿದ ಮೇಲೆ ಅವರಿಗೆ ಉಸಿರು ಬಂತು. ಜಾಡಿ ಒಡೆದಿರಲಿಲ್ಲ. ಯಾವ ಪಿಕ್ಚರ್ ತೋರಿಸಿದಿರಿ ಎಂದು ಕೇಳಿದರು. ಸಂಸಾರದ್ದು ಎಂದೆ. ಅದೇನಾದರೂ ನಮ್ಮ ಟೆಂಟಿಗೆ ಬಂದರೆ ನನ್ನನ್ನೂ ಕರೆದುಕೊಂಡು ಹೋಗಿ ಎಂದರು. ಆಗಲಿ ಎಂದೆ. ಬರಲಾರದು ಎಂಬ ಧೈರ್ಯದ ಮೇಲೆ.

ಆದರೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮಗಳ ದನಿ ಕೇಳಬೇಕಿತ್ತು. ನಾವಿನ್ನೂ ಗುಬ್ಬಿಯಲ್ಲಿದ್ದಾಗಲೇ ಒಂದು ಸಂಜೆ ಮಂಡಿಯಿಂದ ಸಾಹುಕಾರರು ಕೂಗಿದರು. ಅತ್ತೆ ಓಡಿದರು, ಹಿಂದೆ ನಾವು. ಅತ್ತೆ ರಿಸೀವರ್ ಕಿವಿಗಿಟ್ಟುಕೊಂಡು ಅಲೋ ಎಂದರು. ಆಮೇಲೆ ಕೇಳುತ್ತ ನಿಂತರು. ತೆಂಗಿನಕಾಯಿ ಎಣಿಸುತ್ತಿದ್ದವರೂ ನಿಲ್ಲಿಸಿದರು. ರಿಸೀವರಿನಿಂದ ಸಣ್ಣಗೆ ಎರಡು ದನಿ ಒಟ್ಟಿಗೇ ಬರುತ್ತಿದ್ದವು, ಒಂದು ಗುಬ್ಬಿಯದು, ಒಂದು ಕುಣಿಗಲ್ಲಿನದು; ಮೊದಲು ಯಾರು ಮಾತಾಡಬೇಕೆಂದೋ, ಫೋನು ಯಾರ ಕೈಯಲ್ಲಿರಬೇಕೆಂದೋ ವಾದ. ಆಮೇಲೆ ಲೈನು ಕಟ್ಟಾಯಿತು.

"ಏನಂದ್ರು ಅತ್ತೆ?" ಎಂದು ಕೇಳಿದೆ.

"ನನ್ ಜೊತೆ ಏನೂ ಮಾತಾಡ್ಲಿಲ್ಲ. ಇಬ್ರೂ ಜಗಳ ಆಡ್ತಾವ್ರೆ," ಎಂದು ಅತ್ತೆ ಸೆರಗಿನಿಂದ ರಿಸೀವರ್ ಒರೆಸಿ, ಮೆಲ್ಲಗೆ ಅದರ ಜಾಗದಲ್ಲಿ ಇಟ್ಟರು. "ಚೆನ್ನಾಗವ್ರೆ ಬುಡಿ."